ನೀರ ದಂಡೆಯ ದಾರಿ ಯಾರದು?

ನೀರಿನ ಪಕ್ಕ ಜನ ಓಡಾಡಲಿಕ್ಕೆ ದಾರಿ ಬೇಕು ಅನ್ನೋ ಮಾತು ಈಗ ಬಹಳ ಕಡೆ ಕೇಳುತ್ತಿದೆ. ಕಾರವಾರದಲ್ಲಿ ಕಾಳಿ ನದಿಯ ಕಾಂಡ್ಲಾ ಕಾಡಿನೊಳಗೆ ಮರದ ಕಾಲುದಾರಿಯೇ ಆಗಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ನಾವು ನಾಲೆ ಏರಿ ಮೇಲೆ, ಶಿಂಷಾ ದಂಡೆ ಮೇಲೆ ಅಂಥದೊಂದನ್ನು ಕೇಳಬಾರದೆ? ಕೇಳಬೇಕು. ಆದರೆ ನಕ್ಷೆ ಬರೆಯುವ ಮುಂಚೆ ಹಳೇ ಲೆಕ್ಕ ಬಿಚ್ಚಬೇಕು. ಈ ದಂಡೆಯ ಮೇಲೆ ಇಷ್ಟು ಕಾಲ ಯಾರು ದುಡಿದರು, ಯಾರು ದೂರ ನಿಂತರು?

ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ನೀರಗಂಟಿ ನಮ್ಮ ಕೇರಿಯವನು. ಕೆರೆ ತೂಬು ಎತ್ತುವವನು ಅವನು. ಗದ್ದೆ ಗದ್ದೆಗೂ ಸರದಿ ಪ್ರಕಾರ ನೀರು ಹಾಯಿಸುವವನು ಅವನು. ಊರ ಬಾವಿಗೆ ಮಾತ್ರ ಅವನ ಹೆಂಡತಿ ಬಿಂದಿಗೆ ಇಳಿಸುವ ಹಾಗಿರಲಿಲ್ಲ. ಮೇಲಿನವರು ಹುಯ್ಯಬೇಕು, ಇವಳು ಕಾಯಬೇಕು. ಊರಿಗೆಲ್ಲ ನೀರು ಮುಟ್ಟಿಸಿದ ಕೈ ನೀರು ಮುಟ್ಟಿದರೆ ಮೈಲಿಗೆ! ಇದಕ್ಕೇನಂತೀರಿ?

ಆಮೇಲೆ ದೊಡ್ಡ ನೀರು ಬಂತು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕರೆಂಟು ಹೊರಟು ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಯಿತು. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ನಾಲೆ ಹರಿಸಿದರು. ಅದಕ್ಕೆ ಮೊದಲು ವೈಸರಾಯ್ ಇರ್ವಿನ್ ಹೆಸರು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು. ರಾಗಿ ಹೊಲ ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿಯೂ ಬಂತು. ಭೂಮಿ ಇದ್ದವನಿಗೆ ನೀರು ಬಂತು; ಇಲ್ಲದವನಿಗೆ ಕೂಲಿ ಬಂತು. ಮಣ್ಣು ಹೊತ್ತ ಅವ್ವಂದಿರ ಹೆಸರು ಯಾವ ನಾಲೆಗೂ ಬರಲಿಲ್ಲ.

ಕಟ್ಟೆ ಏಳುತ್ತಿದ್ದ ಕಾಲದಲ್ಲೇ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಅದು ಪುರಸಭೆಯ ಕೆರೆ. ಎಲ್ಲರಿಗೂ ತೆರೆದಿದೆ ಅಂತ 1924ರಲ್ಲೇ ಠರಾವು ಆಗಿತ್ತು. ಆದರೂ ಜಾತಿವಂತರು ಸಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಬೊಂಬಾಯಿ ಹೈಕೋರ್ಟು ನಮ್ಮವರ ಹಕ್ಕನ್ನು ಎತ್ತಿಹಿಡಿದದ್ದು 1937ರಲ್ಲಿ. 1950ರ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರು ಹಿಡಿದೇ ಹೇಳಿತು: ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. ನೀರ ದಂಡೆಯ ದಾರಿಗೆ ನಮ್ಮ ಪತ್ರ ಇದೇ.

ಹೇಗೆ ಮಾಡಬೇಕು ಅಂತ ಕೇಳುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಲಿ. ಅಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಜನರನ್ನು ಓಡಿಸಿ ಉಳಿಸಿದ ಹಕ್ಕಿಯಲ್ಲ ಅದು. ಜನರ ಜೊತೆಗೇ ಉಳಿದದ್ದು.

ಇನ್ನೊಂದನ್ನೂ ಮರೆಯಬಾರದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ಇದೇ ನಾಲೆಗೆ ಉರುಳಿ 30 ಜೀವ ಹೋದವು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ದಂಡೆ ಅಂದರೆ ಬರೀ ಚೆಲುವಲ್ಲ.

ಆದ್ದರಿಂದ ನಾವು ಕೇಳುವುದಿಷ್ಟು. ಮೊದಲು ತಡೆಗೋಡೆ ಕಟ್ಟಿ, ಆಮೇಲೆ ಬೆಂಚು ಹಾಕಿ. ಬಟ್ಟೆ ಒಗೆಯುವವಳನ್ನು, ಹುಲ್ಲು ಕೊಯ್ಯುವವಳನ್ನು ಅಂದಗೆಟ್ಟಿತು ಅಂತ ಎಬ್ಬಿಸಬೇಡಿ; ಅವಳಿಗೆ ಮೆಟ್ಟಿಲು ಕಟ್ಟಿಕೊಡಿ. ದಾರಿ ಕೇರಿಯನ್ನು ಸುತ್ತಿಕೊಂಡು ಹೋಗುವುದಲ್ಲ, ಕೇರಿಯಿಂದಲೇ ಶುರುವಾಗಲಿ. ಟಿಕೆಟ್ಟು ಬೇಡ. ಕಲ್ಲು ನೆಡುವುದಾದರೆ ಮೊದಲನೇ ಕಲ್ಲಿನ ಮೇಲೆ ನೀರಗಂಟಿ ಅಂತ ಬರೆಯಿರಿ.

ನಾವು ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಲಿತವರು. ಆ ಕಲ್ಲನ್ನು ನಮ್ಮವ್ವಂದಿರಿಗೆ ಓದಿ ಹೇಳುತ್ತೇವೆ.