ನಂಪೈ: ಎರಡು ಪಾಲಾದ ಮನೆ ಒಂದಾದ ಕಥೆ

ಪುಣೆ, ಹೈದರಾಬಾದ್, ಚೆನ್ನೈ ಅಂತ ಎಲ್ಲೇ ಕೂತಿದ್ರೂ, ಡೇಟಾ ಕೆಲಸ ಮಾಡೋ ನಮ್ಮವರು ದಿನಾ ಮೊದಲು ಟೈಪ್ ಮಾಡೋ ಸಾಲು ‘ಇಂಪೋರ್ಟ್ ನಂಪೈ’. ಈ ನಂಪೈ ಒಂದು ಜಗಳವನ್ನು ಬಗೆಹರಿಸಲು ಹುಟ್ಟಿದ್ದು. ಇವತ್ತು ಆ ಕಥೆ ಹೇಳ್ತೀನಿ.

ಪೈಥಾನ್‌ನ ಲಿಸ್ಟ್‌ನಲ್ಲಿ ಏನು ಬೇಕಾದ್ರೂ ತುಂಬಬಹುದು. ಅದಕ್ಕೇ ಲೆಕ್ಕಕ್ಕೆ ಅದು ನಿಧಾನ: ಪ್ರತಿಯೊಂದನ್ನೂ ‘ನೀನು ಯಾವ ಬಗೆ’ ಅಂತ ವಿಚಾರಿಸಿಯೇ ಕೂಡಬೇಕು. ಒಂದೇ ಬಗೆಯ ಸಂಖ್ಯೆಗಳನ್ನು ಮೆಮೊರಿಯಲ್ಲಿ ಸಾಲಾಗಿ ಕೂರಿಸಿ, ಲೂಪನ್ನು ಸಿ ಭಾಷೆಗೆ ಒಪ್ಪಿಸಿದರೆ ವೇಗ ಬರುತ್ತದೆ. 1995ರಲ್ಲಿ ಜಿಮ್ ಹ್ಯೂಗುನಿನ್ ಬರೆದ ‘ನ್ಯೂಮರಿಕ್’ ಮಾಡಿದ್ದು ಇದನ್ನೇ.

ಹಬಲ್ ದೂರದರ್ಶಕದ ಕೆಲಸ ನೋಡಿಕೊಳ್ಳುವ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನವರಿಗೆ ಅದು ಸಾಲಲಿಲ್ಲ. ಅವರ ಚಿತ್ರಗಳು ಭಾರೀ ದೊಡ್ಡವು. ಅವರು ‘ನಮ್‌ಅರೇ’ ಕಟ್ಟಿದರು. ದೊಡ್ಡ ಅರೇಗೆ ಅದು ಚೆನ್ನ, ಸಣ್ಣದಕ್ಕೆ ನ್ಯೂಮರಿಕ್ಕೇ ವೇಗ. ಮನೆ ಎರಡು ಪಾಲಾಯ್ತು. ಸೈಪೈ ನಿಂತಿದ್ದು ನ್ಯೂಮರಿಕ್ ಮೇಲೆ. ಖಗೋಳದವರ ಕೋಡ್ ನಮ್‌ಅರೇ ಮೇಲೆ. ಮಿದುಳಿನ ಸಂಕೇತಗಳನ್ನು ನೋಡಲೆಂದು ಜಾನ್ ಹಂಟರ್ ಶುರುಮಾಡಿದ ಮ್ಯಾಟ್‌ಪ್ಲಾಟ್‌ಲಿಬ್, ಇಬ್ಬರನ್ನೂ ಸಂಭಾಳಿಸಲು ನಡುವೆ ಬೇರೆಯೇ ಒಂದು ಪದರ ಇಟ್ಟುಕೊಳ್ಳಬೇಕಾಯ್ತು.

2005ರಲ್ಲಿ ಟ್ರಾವಿಸ್ ಒಲಿಫಂಟ್ ಎರಡನ್ನೂ ಒಂದುಗೂಡಿಸಲು ಕೂತರು. ಆಗ ಅವರು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಆ ಹುದ್ದೆಯಲ್ಲಿ ಮುಂದೆ ಬರಲು ಲೆಕ್ಕಕ್ಕೆ ಬರೋದು ಸಂಶೋಧನಾ ಪ್ರಬಂಧ, ಕೋಡ್ ಅಲ್ಲ. ಆದ್ರೂ ನ್ಯೂಮರಿಕ್‌ನ ಕೋಡ್ ಹಿಡಿದು, ನಮ್‌ಅರೇಯ ಒಳ್ಳೆಯ ಗುಣಗಳನ್ನು ಅದಕ್ಕೆ ಸೇರಿಸಿದರು. 2006ರಲ್ಲಿ ನಂಪೈ 1.0 ಬಂತು. ಮರುವರ್ಷ ಅವರು ವಿಶ್ವವಿದ್ಯಾಲಯ ಬಿಟ್ಟರು.

ಅಡಿಪಾಯ ಒಂದಾದದ್ದರ ಫಲ ಬೇಗನೇ ಕಂಡಿತು. 2008ರಲ್ಲಿ ವೆಸ್ ಮೆಕಿನ್ನಿ ಹಣಕಾಸಿನ ಲೆಕ್ಕಕ್ಕೆಂದು ಪಾಂಡಾಸ್ ಶುರುಮಾಡಿದಾಗ ಯಾವ ಅರೇ ಅಂತ ಯೋಚಿಸಬೇಕಿರಲಿಲ್ಲ. 2019ರಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದೆಯೂ ನಂಪೈ ಇತ್ತು.

ಹೊಸದಾಗಿ ಕಲಿಯೋರಿಗೆ ನಾನು ಹೇಳೋದಿಷ್ಟೇ: ಈ ಇತಿಹಾಸದ ಕ್ರಮದಲ್ಲೇ ಕಲಿಯಿರಿ. ಮೊದಲು ಅರೇ, ಅದರ ಆಕಾರ, ಅದರೊಳಗಿನ ಬಗೆ. ಆಮೇಲೆ ಪಾಂಡಾಸ್. ಸಂಖ್ಯೆಗಳ ಕಾಲಂನಲ್ಲಿ ಒಂದೇ ಒಂದು ಪದ ನುಸುಳಿದರೆ ಅದು ‘ಆಬ್ಜೆಕ್ಟ್’ ಆಗಿ, ಲೆಕ್ಕ ಯಾಕೆ ಕುಂಟುತ್ತೆ? ಅದು ಮತ್ತೆ ಹಳೇ ಲಿಸ್ಟ್‌ನ ಹಾಗೇ ಆಗಿಬಿಟ್ಟಿರುತ್ತೆ, ಅಷ್ಟೇ.