ಸೇಡಂ-ಶಹಾಬಾದ ಸೀಮೆಯ ಶಿಶುಪೋಷಣೆ: ಒಂದು ಐತಿಹಾಸಿಕ ವಿವೇಚನೆ

ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತೆಂಬುದು ಸರ್ವವಿದಿತ. ಇಂದು ಅದು ಸೇಡಂ ತಾಲ್ಲೂಕಿನ ಒಂದು ಗ್ರಾಮ. ಅರಸರ ದಾನ, ದಂಡಯಾತ್ರೆಗಳನ್ನು ಶಾಸನಗಳು ಸಾರುತ್ತವೆ. ತಾಯಂದಿರು ಕೂಸಿಗೆ ಹಾಲೆರೆದ ಬಗೆಯನ್ನು ಕಲ್ಲಿನಲ್ಲಿ ಕೆತ್ತಿಸುವ ರೂಢಿ ಮಾತ್ರ ಇರಲಿಲ್ಲ. ಆದುದರಿಂದ ಈ ವಿಷಯದಲ್ಲಿ ನಾವು ವೈದ್ಯಗ್ರಂಥಗಳನ್ನೂ, ಮನೆಯ ಪಾತ್ರೆಗಳನ್ನೂ, ಈಚಿನ ಕಾಯಿದೆಗಳನ್ನೂ ಆಶ್ರಯಿಸಬೇಕಾಗಿದೆ.

ಹೆರಿಗೆಯ ಮೂರು ನಾಲ್ಕು ರಾತ್ರಿಗಳ ಮೇಲೆ ಎದೆಹಾಲು ಇಳಿಯುವುದೆಂದೂ, ಅಲ್ಲಿಯವರೆಗೆ ಜೇನು ತುಪ್ಪಗಳನ್ನು ನೆಕ್ಕಿಸಬೇಕೆಂದೂ ಸುಶ್ರುತಸಂಹಿತೆ ವಿಧಿಸುತ್ತದೆ. ಆರನೆಯ ತಿಂಗಳಲ್ಲಿ ಲಘುವಾದ ಅನ್ನ. ಕಾಶ್ಯಪಸಂಹಿತೆಯ ಪ್ರಕಾರವಾದರೋ ಆರನೆಯದರಲ್ಲಿ ಹಣ್ಣು, ಹತ್ತನೆಯದರಲ್ಲಿ ಅನ್ನ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕೆಂದು ಸಾರಿದಾಗ ಈ ಲೆಕ್ಕವನ್ನು ಬಹುಮಟ್ಟಿಗೆ ಎತ್ತಿಹಿಡಿದಂತಾಯಿತು. ಆದರೆ ಜೇನಿನ ವಿಧಿಯನ್ನು ನಾವು ಸಮರ್ಥಿಸಲಾರೆವು. ಮೊದಲ ದಿನಗಳ ಹಳದಿಯ ಗಟ್ಟಿ ಹಾಲೇ ಕೂಸಿಗೆ ರೋಗನಿರೋಧಕ ಶಕ್ತಿಯನ್ನೀಯುವುದು. ಅದನ್ನು ಹಿಂಡಿ ಚೆಲ್ಲುವ ಪದ್ಧತಿಯಿಂದ ಎಷ್ಟು ಶಿಶುಗಳು ನಷ್ಟಪಟ್ಟವೋ ಲೆಕ್ಕವಿಟ್ಟವರಿಲ್ಲ.

ಎದೆಹಾಲು ಸಾಲದಾದಾಗ ಅಜ್ಜಿಯರು ಕೈಗೆತ್ತಿಕೊಳ್ಳುತ್ತಿದ್ದುದು ಒಳಲೆಯನ್ನು. ಚೂಪು ಮೂತಿಯ ಈ ಪುಟ್ಟ ಪಾತ್ರೆಯನ್ನು ಕೂಸಿನ ತುಟಿಯಂಚಿಗಿಟ್ಟು ಹಾಲನ್ನು ತುಸುತುಸುವೇ ಬಾಗಿಸುವರು. ತಮಿಳರ ಪಾಲಾಡೈ ಇದೇ. ಹರಳೆಣ್ಣೆಯನ್ನು ಕುಡಿಸುವುದಕ್ಕೂ ಇದೇ ಒದಗುತ್ತಿತ್ತಾದ್ದರಿಂದ ಮಕ್ಕಳು ಇದನ್ನು ಕಂಡೊಡನೆ ಅಳುತ್ತಿದ್ದುದೂ ಉಂಟು! ಮುಚ್ಚಳವಿಲ್ಲ, ಸಂದುಗೊಂದುಗಳಿಲ್ಲ, ಬೆರಳು ಎಲ್ಲ ಕಡೆಗೂ ಮುಟ್ಟುವುದರಿಂದ ತಿಕ್ಕಿ ತೊಳೆಯುವುದು ಸುಲಭ. ಈ ಗುಣದ ಬೆಲೆ ತಿಳಿದುದು ಬಾಟಲಿ ಬಂದ ಮೇಲೆ.

ಬಾಟಲಿಯ ಹಾದಿಯನ್ನು ತೆರೆದುದು ಮುಖ್ಯವಾಗಿ ದುಡಿಮೆಯ ಹೊಸ ಕ್ರಮವೆಂದು ನಮ್ಮ ಮತ. ಚಿಂಚೋಳಿ, ಚಿತ್ತಾಪುರಗಳ ಜೋಳ ತೊಗರಿಗಳ ಹೊಲದಲ್ಲಿ ಕೂಸನ್ನು ಬೇವಿನ ನೆರಳಿನ ಜೋಳಿಗೆಯಲ್ಲಿ ಮಲಗಿಸಿ, ಅತ್ತಾಗ ಬಂದು ಮೊಲೆಯೂಡಿಸಬಹುದಾಗಿತ್ತು. ಶಹಾಬಾದದ ಕಲ್ಲುಗಣಿಯಲ್ಲಿ, ಶಹಾಬಾದ ವಾಡಿಗಳ ಸಿಮೆಂಟಿನ ದೂಳಿನಲ್ಲಿ ಅದು ಸಾಧ್ಯವೆ? 1948ರ ಕಾರ್ಖಾನೆ ಕಾಯಿದೆಯು ಐವತ್ತಕ್ಕೂ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹವನ್ನು ಕಡ್ಡಾಯಗೊಳಿಸಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸಲು ಬಿಡುವನ್ನು ಕೊಟ್ಟಿತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹೆಣ್ಣಾಳು ಈ ಬಿಡುವನ್ನು ಯಾರಲ್ಲಿ ಕೇಳಬೇಕು?

ಯೂರೋಪಿನಲ್ಲಿ ಹೆನ್ರಿ ನೆಸ್ಲೆಯು ಶಿಶು ಆಹಾರದ ಪುಡಿಯನ್ನು ಮಾರಾಟಕ್ಕೆ ತಂದದ್ದು 1867ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಡಬ್ಬಿಯ ಹಾಲು ದೂರ ಪ್ರಯಾಣಕ್ಕೆಂದೇ ಹುಟ್ಟಿದ ಪದಾರ್ಥ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ ಕೀರ್ತಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ್ದು. 1960ರ ಸುಮಾರಿಗೆ ಅದು ಗುಜರಾತಿನ ಅಮೂಲ್ ಡಬ್ಬಿಯಲ್ಲಿ ಪೇಟೆಗೆ ಬಂದಿತು. ತಾಯಿಯಿಲ್ಲದ ಕೂಸಿಗೆ ಇದು ಜೀವದಾನ. ಆದರೆ ಒಂದು ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಬೆರೆಸಿ, ಸರಿಯಾಗಿ ಕುದಿಸದ ರಬ್ಬರು ತೊಟ್ಟಿನಿಂದ ಕುಡಿಸಿದರೆ ಅದೇ ಹಾಲು ವಾಂತಿಭೇದಿಗೆ ಕಾರಣ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿಯೇ ಸಿಂಗಪುರದಲ್ಲಿ ಇಂಥ ಸಾವುಗಳನ್ನು ಕೊಲೆಯೆಂದು ಕರೆದು ಭಾಷಣ ಮಾಡಿದಳು. 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆಯೂ, 1992ರಲ್ಲಿ ಭಾರತದ ಕಾಯಿದೆಯೂ ಬಂದುವು; ಬದಲಿ ಹಾಲಿನ ಜಾಹೀರಾತಿನೊಡನೆ ಬಾಟಲಿಯ ಜಾಹೀರಾತೂ ನಿಷಿದ್ಧವಾಯಿತು.

ದಿನ ತುಂಬದೆ ಹುಟ್ಟಿ ಮೊಲೆ ಚೀಪಲಾರದ ಶಿಶುಗಳಿಗೆ ತಾಯಿಯ ಹಾಲನ್ನು ಹಿಂಡಿ ಬಟ್ಟಲು, ಚಮಚ ಅಥವಾ ಒಳಲೆಯಿಂದ ಕುಡಿಸಬೇಕೆಂದು ಈಗ ವೈದ್ಯರು ಹೇಳುತ್ತಾರೆ. ಆಸ್ಪತ್ರೆಯ ಒಳಲೆ ಉಕ್ಕಿನದು. ಅದನ್ನು ಬಾಗಿಸುವ ರೀತಿ ಅಜ್ಜಿಯದೇ.