ಸೆಲ್ಲಿನ ಕಾವಲು

ಗಲ್ಲು ಶಿಕ್ಷೆಯಾದ ಕೈದಿಯನ್ನು ಹೇಗೆ ಇಡಬೇಕು ಎಂಬುದನ್ನು 1894ರ ಬಂದೀಖಾನೆ ಕಾಯ್ದೆಯ 30ನೇ ಕಲಮು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಜೈಲಿಗೆ ಬಂದ ಕೂಡಲೇ ಮೈ ಜಡ್ತಿ ಮಾಡಿ ಅಪಾಯ ಅನ್ನಿಸಿದ್ದನ್ನೆಲ್ಲ ತೆಗೆದುಕೊಳ್ಳಬೇಕು. ಆಮೇಲೆ ಉಳಿದ ಕೈದಿಗಳಿಂದ ದೂರ, ಬೇರೆ ಸೆಲ್ಲಿನಲ್ಲಿಟ್ಟು ಹಗಲೂ ರಾತ್ರಿ ಪಹರೆ ಹಾಕಬೇಕು. ಸರ್ಕಾರ ಗೊತ್ತು ಮಾಡಿದ ದಿನ ಬರುವ ಮೊದಲು ಅವನು ತಾನಾಗಿ ಸಾಯಬಾರದು. ಆ ಕಲಮಿನಲ್ಲಿ ನನಗೆ ಕಾಣುವ ಕಾಳಜಿ ಅಷ್ಟೇ.

ನಾನು ಉತ್ತರ ಕರ್ನಾಟಕದ ಜೈಲೊಂದರಲ್ಲಿ ಮಾಸ್ತರನಾಗಿದ್ದವನು. ಅಕ್ಷರ ಬಾರದವರಿಗೆ ಅಕ್ಷರ ಕಲಿಸುವುದು ನನ್ನ ನೌಕರಿ. ಅವರ ಪತ್ರ ಬರೆದುಕೊಡುವುದು, ಮನೆಯಿಂದ ಬಂದದ್ದನ್ನು ಓದಿ ಹೇಳುವುದು ಆ ನೌಕರಿಯ ಬೆನ್ನಿಗೇ ಬಂದದ್ದು. ಗಲ್ಲಿನವರಿಗೆಂದು ಬರೆದ ಆ ಎರಡು ಮಾತು, ಜೈಲಿನಲ್ಲಿ ಎಲ್ಲರ ವಿಷಯದಲ್ಲೂ ರೂಢಿಯಾಗಿ ಕೂತಿದ್ದನ್ನು ಅಲ್ಲಿ ಕಂಡೆ. ಯಾವನಾದರೂ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ, ಬ್ಯಾರಕ್ಕಿನಿಂದ ಎಬ್ಬಿಸಿ ಸೆಲ್ಲಿಗೆ ಒಯ್ಯುತ್ತಿದ್ದರು. "ಸೆಲ್ಲಿಗೆ ಹಾಕೇವ್ರಿ ಮಾಸ್ತರ, ಇನ್ನ ಚಿಂತಿ ಇಲ್ಲ" ಎಂದು ವಾರ್ಡರೊಬ್ಬರು ನನಗೆ ಸಮಾಧಾನ ಹೇಳಿದ್ದರು. ಅವರು ಕೆಟ್ಟವರಲ್ಲ. ತಮ್ಮ ಪಾಳಿಯಲ್ಲಿ ಒಂದು ಜೀವ ಹೋಗಬಾರದು ಎಂದು ರಾತ್ರಿಯಿಡೀ ಸುತ್ತು ಹೊಡೆಯುತ್ತಿದ್ದವರು. ಅವರಿಗೆ ಹಿಂದಿನವರು ಕಲಿಸಿಹೋದ ದಾರಿ ಅದೊಂದೇ ಆಗಿತ್ತು. ಆದರೆ ಕುಸಿದ ಮನಸ್ಸನ್ನು ಒಂಟಿಯಾಗಿ ಕೂಡಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಈ ದೇಶದ ಜೈಲು ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷಿಯಿದೆ.

ಅಂಡಮಾನಿನ ಸೆಲ್ಯುಲರ್ ಜೈಲನ್ನೇ ತೆಗೆದುಕೊಳ್ಳಿ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಆ ಕಟ್ಟಡದಲ್ಲಿ ನಡುವೆ ಒಂದು ಗೋಪುರ, ಅದರಿಂದ ಹೊರಟ ಏಳು ಸಾಲು, ಸುಮಾರು 700 ಸೆಲ್ಲು. ಒಂದು ಸಾಲಿನ ಸೆಲ್ಲುಗಳ ಬಾಗಿಲಿಗೆ ಎದುರಾಗುವುದು ಇನ್ನೊಂದು ಸಾಲಿನ ಬೆನ್ನು. ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣಬಾರದು ಎಂದೇ ಹಾಗೆ ಕಟ್ಟಿದ್ದು. ಹಗಲೆಲ್ಲ ಎತ್ತಿನ ಹಾಗೆ ಗಾಣ ಎಳೆದು ಗೊತ್ತಾದಷ್ಟು ಎಣ್ಣೆ ತೆಗೆಯಬೇಕು. ಕಡಿಮೆ ಬಿದ್ದರೆ ಬೇಡಿ, ಹೊಡೆತ. 1912ರಲ್ಲಿ ಇಂದುಭೂಷಣ ರಾಯ್ ಎಂಬ ಬಂಗಾಳದ ಎಳೆಯ ಕ್ರಾಂತಿಕಾರಿ ತನ್ನ ಸೆಲ್ಲಿನಲ್ಲೇ ಪ್ರಾಣ ಕಳೆದುಕೊಂಡ. ಅದೇ ವರ್ಷ ಉಲ್ಲಾಸಕರ ದತ್ತನ ಮನಸ್ಸು ಕದಡಿತು. ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಮೊದಲು ಗಲ್ಲು, ಆಮೇಲೆ ಜೀವಾವಧಿ ಗಡೀಪಾರು ಆಗಿದ್ದವನು ಆತ. ಜ್ವರದಲ್ಲೂ ಕೈಕೋಳ ಹಾಕಿ ನಿಲ್ಲಿಸಿದ್ದರು. ಅಲ್ಲಿಂದ ಹುಚ್ಚಾಸ್ಪತ್ರೆಗೆ ಹೋದ, ನಂತರ ಮದ್ರಾಸಿನ ಆಸ್ಪತ್ರೆಗೆ. ಬಿಡುಗಡೆಯಾದದ್ದು 1920ರಲ್ಲಿ.

ಪಹರೆಗೇನೂ ಅಲ್ಲಿ ಕೊರತೆಯಿರಲಿಲ್ಲ. ಅಷ್ಟು ಕಾವಲಿನ ಜೈಲು ಆಗ ಈ ದೇಶದಲ್ಲಿ ಇನ್ನೊಂದಿತ್ತೋ ಇಲ್ಲವೋ. ಆ ದ್ವೀಪದ ಸಂಕಟ ಹೊರಗಿನವರಿಗೆ ತಿಳಿದದ್ದು ಹೋತಿಲಾಲ್ ವರ್ಮಾ ಎಂಬ ಕೈದಿ ಕದ್ದು ಸಾಗಿಸಿದ ಒಂದು ಪತ್ರದಿಂದ. ಸುರೇಂದ್ರನಾಥ ಬ್ಯಾನರ್ಜಿಯವರ ಪತ್ರಿಕೆಯಲ್ಲಿ ಅದು ಅಚ್ಚಾಯಿತು, ಗದ್ದಲವಾಯಿತು. ಪತ್ರ ಬರೆಯುವುದೇ ಕಸುಬಾಗಿದ್ದ ನನಗೆ ಈ ಸಂಗತಿ ಬಹಳ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನವರಿಗೆ ಹತ್ತಿರದ ಕಥೆ ಸ್ನೇಹಲತಾ ರೆಡ್ಡಿಯವರದು. ಈಗ ಫ್ರೀಡಂ ಪಾರ್ಕ್ ಆಗಿರುವ ಜಾಗದಲ್ಲಿ ಆಗ ಸೆಂಟ್ರಲ್ ಜೈಲಿತ್ತು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾಗಿದ್ದ ಆಕೆಯನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಅಲ್ಲಿಗೆ ತಂದು ಒಂಟಿ ಸೆಲ್ಲಿನಲ್ಲಿಟ್ಟರು. ಆಕೆಗೆ ತೀವ್ರ ಉಬ್ಬಸ. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ಹೊತ್ತು ಆಕೆಯ ಚೀರಾಟ ತಮಗೆ ಕೇಳಿಸುತ್ತಿತ್ತು ಎಂದು ಬರೆದಿದ್ದಾರೆ. ಅಂಥ ಸ್ಥಿತಿಯಲ್ಲೂ ಆಕೆ ಒಳಗಿನ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಹಾಡಿಸಿದರು, ಅವರ ಪರವಾಗಿ ಜಗಳ ತೆಗೆದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಇದು ಆತ್ಮಹತ್ಯೆಯ ಕಥೆಯಲ್ಲ, ನನಗೆ ಗೊತ್ತು. ಆದರೂ ಇದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಒಂಟಿತನ ಮನುಷ್ಯರನ್ನು ಹೇಗೆ ತಿನ್ನುತ್ತದೆ, ಪಕ್ಕದ ಜೀವಗಳು ಹೇಗೆ ಒಂದಿಷ್ಟು ದಿನ ಹಿಡಿದಿಡುತ್ತವೆ ಎಂಬ ಎರಡೂ ಅದರಲ್ಲಿವೆ.

ಮರುವರ್ಷವೇ, 1978ರ ಆಗಸ್ಟ್ 30ರಂದು, ಸುನಿಲ್ ಬಾತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 30ನೇ ಕಲಮಿಗೆ ಕಡಿವಾಣ ಹಾಕಿತು. ಬಾತ್ರಾ ತಿಹಾರ್ ಜೈಲಿನಲ್ಲಿದ್ದ ಗಲ್ಲಿನ ಕೈದಿ. ಕೃಷ್ಣ ಅಯ್ಯರ್ ಅವರಿದ್ದ ಐವರ ಪೀಠ, ಕ್ಷಮಾದಾನದ ಕೊನೆಯ ಬಾಗಿಲೂ ಮುಚ್ಚುವ ತನಕ ಯಾರನ್ನೂ ಆ ಕಲಮಿನಡಿ ಒಂಟಿಯಾಗಿ ಇಡುವಂತಿಲ್ಲ ಎಂದಿತು. ಹಾಗೆ ನೋಡಿದರೆ ಬ್ರಿಟಿಷರ 1860ರ ದಂಡಸಂಹಿತೆಯೇ ಏಕಾಂತವಾಸದ ಶಿಕ್ಷೆಗೆ ಮಿತಿ ಹಾಕಿತ್ತು: ಒಂದು ಸಲಕ್ಕೆ 14 ದಿನ, ಎಲ್ಲ ಸೇರಿ 3 ತಿಂಗಳು. ಅದೂ ಕೋರ್ಟು ಶಿಕ್ಷೆಯಾಗಿ ವಿಧಿಸಿದರೆ ಮಾತ್ರ. ಅಷ್ಟಕ್ಕಿಂತ ಹೆಚ್ಚು ದಿನ ಒಂಟಿಯಾಗಿಟ್ಟರೆ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ ಎಂಬುದು ಆಗಲೇ ಯಾರಿಗೋ ಹೊಳೆದಿರಬೇಕು.

ತೀರ್ಪು ಬಂತು, ರೂಢಿ ಹೋಗಲಿಲ್ಲ. ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದಾಗ ಕಟ್ಟಿದ ಹಿಂಡಲಗಾ ಜೈಲಿಗೆ ನಮ್ಮ ರಾಜ್ಯದ ಗಲ್ಲಿನ ಕೈದಿಗಳನ್ನು ಒಯ್ಯುತ್ತಾರೆ. 2006ರಲ್ಲಿ ಬೆಂಗಳೂರಿನ ಕೋರ್ಟು ಗಲ್ಲು ವಿಧಿಸಿದ ಬಿ.ಎ. ಉಮೇಶನನ್ನು ಅಲ್ಲಿಗೆ ತಂದು, ಮೇಲ್ಮನವಿ ಇನ್ನೂ ಬಾಕಿಯಿರುವಾಗಲೇ ಒಂಟಿ ಸೆಲ್ಲಿಗೆ ಹಾಕಿದರು. ರಾಷ್ಟ್ರಪತಿಗಳು ಅವನ ಅರ್ಜಿ ತಳ್ಳಿಹಾಕಿದ್ದು 2013ರ ಮೇ ತಿಂಗಳಲ್ಲಿ. 14 ದಿನದ ಮಿತಿಯಿದ್ದ ದೇಶದಲ್ಲಿ ವರ್ಷಗಟ್ಟಲೆ ಹಾಗೆ ಇಟ್ಟಿದ್ದರು. ಅವನು ಮಾಡಿದ್ದು ಘೋರ ಕೃತ್ಯ. ಸತ್ತ ಹೆಣ್ಣುಮಗಳ ಮನೆಯವರ ಎದುರು ನಿಂತು ಅವನ ಪರ ಮಾತಾಡುವ ಧೈರ್ಯ ನನಗಿಲ್ಲ. ಆದರೆ ಕೋರ್ಟು ಅವನಿಗೆ ಕೊಟ್ಟದ್ದು ಗಲ್ಲು, ಏಕಾಂತವಲ್ಲ. 2022ರ ನವೆಂಬರ್ 4ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರ ಪೀಠ, ಕಾನೂನಿನ ಆಧಾರವಿಲ್ಲದ ಆ ಏಕಾಂತ ಅವನ ಮನಸ್ಸು ದೇಹಗಳನ್ನು ಕೆಡಿಸಿದೆ ಎಂದು ಒಪ್ಪಿ, ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.

ಗಲ್ಲಿನವರು ಬೆರಳೆಣಿಕೆಯ ಮಂದಿ. ನನಗೆ ಹೆಚ್ಚು ಭಯವಾಗುತ್ತಿದ್ದದ್ದು ಮೊದಲ ಸಲ ಒಳಗೆ ಬಂದ ವಿಚಾರಣಾ ಬಂದಿಗಳ ಬಗ್ಗೆ. ಮೊದಲ ಕೆಲವು ರಾತ್ರಿ ಅವರಿಗೆ ನಿದ್ದೆ ಇರುವುದಿಲ್ಲ, ನಾಚಿಕೆ ಸುಡುತ್ತಿರುತ್ತದೆ. ಜಾಮೀನು ತಿರಸ್ಕಾರವಾದ ದಿನ, ಮುಲಾಕಾತಿಗೆ ಬರುತ್ತೇವೆಂದವರು ಬಾರದ ದಿನ, ಹೊಲ ಮಾರಿದರು, ಹೆಂಡತಿ ತವರಿಗೆ ಹೋದಳು ಎಂಬ ಪತ್ರ ಬಂದ ದಿನ ಕಷ್ಟದವು. ಕೇಳಿ ಅಳುವವನ ಬಗ್ಗೆ ನನಗೆ ಅಷ್ಟು ದಿಗಿಲಿರಲಿಲ್ಲ, ಸುಮ್ಮನಾಗಿಬಿಡುವವನ ಬಗ್ಗೆ ಇತ್ತು. ವಾರ ವಾರ ಪತ್ರ ಬರೆಸುತ್ತಿದ್ದ ಒಬ್ಬ ಹುಡುಗ ಒಂದು ದಿನ, "ಬರೀಬ್ಯಾಡ್ರಿ ಮಾಸ್ತರ, ಓದವ್ರ ಯಾರ ಅದಾರ?" ಎಂದು ತನ್ನ ಹೊಸ ಟವೆಲನ್ನು ಪಕ್ಕದವನಿಗೆ ಕೊಟ್ಟುಬಿಟ್ಟ. ನಾನು ಅವನನ್ನು ನೇರವಾಗಿಯೇ ಕೇಳಿದೆ, ಸಾಯೋ ಯೋಚನಿ ಬಂದದೇನಪಾ ಎಂದು. ಹಾಗೆ ಕೇಳಿದರೆ ಯೋಚನೆ ತುಂಬಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಕೇಳಿದರೆ ಭಾರ ಇಳಿಯುತ್ತದೆ ಎಂದೇ ವೈದ್ಯರು ಹೇಳುವುದು. ಹುಡುಗ ತಲೆಯಾಡಿಸಿದ. ಅವನನ್ನು ಸೆಲ್ಲಿಗೆ ಹಾಕದಂತೆ ಬೇಡಿಕೊಂಡೆ. ಬ್ಯಾರಕ್ಕಿನ ಹಿರಿಯ ಕೈದಿಯೊಬ್ಬ ತನ್ನ ಹಾಸಿಗೆಯನ್ನು ಅವನ ಮಗ್ಗುಲಿಗೆ ಎಳೆದುಕೊಂಡ, ಡಾಕ್ಟರು ಬಂದು ನೋಡಿದರು, ಊರಿಗೆ ಸುದ್ದಿ ಹೋಗಿ ಅವನ ಸೋದರಮಾವ ಬಂದ.

ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನಂಥವರ ಅನುಮಾನಕ್ಕೆ ಅಂಕಿ ಕೊಟ್ಟಿತು. ನೂರಕ್ಕೆ 79.6 ಮಂದಿಗೆ ಮಾನಸಿಕ ಕಾಯಿಲೆ ಇಲ್ಲವೇ ವ್ಯಸನ. ವ್ಯಸನ ಬಿಟ್ಟು ಲೆಕ್ಕ ಹಾಕಿದರೂ 27.6. ಅಂದರೆ ನನ್ನ ತರಗತಿಯಲ್ಲಿ ಕೂತ ನಾಲ್ವರಲ್ಲಿ ಒಬ್ಬನಿಗಾದರೂ ಮದ್ದು ಬೇಕಿತ್ತು.

ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ 2013ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಮತ್ತೆ ಪತ್ರವೇ! ಅದೇ ಮೊಕದ್ದಮೆಯಾಗಿ, 2017ರ ಸೆಪ್ಟೆಂಬರ್ 15ರಂದು ಮದನ್ ಲೋಕೂರ್ ಅವರ ಪೀಠ ನಾನು ಎಂದಿನಿಂದಲೋ ಕೇಳಬಯಸಿದ್ದ ಮಾತನ್ನು ಹೇಳಿತು: ಮೊದಲ ಸಲ ಬಂದವರಿಗೆ ಆಪ್ತಸಮಾಲೋಚಕರು ಬೇಕು, ಮನೆಯವರ ಭೇಟಿ ಹೆಚ್ಚಬೇಕು, ಫೋನಿನಲ್ಲೂ ವಿಡಿಯೋದಲ್ಲೂ ಮಾತಾಡಿಸಬೇಕು. ಅಲ್ಲಿಂದ ಹುಟ್ಟಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ, 2017ರಿಂದ 2021ರವರೆಗೆ ದೇಶದ ಜೈಲುಗಳಲ್ಲಾದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆ ಎಂದು ಲೆಕ್ಕ ಕೊಟ್ಟಿತು. ಸಮಿತಿಯ ಸಲಹೆಗಳಲ್ಲಿ ಪತ್ರಿಕೆಗಳು ಎತ್ತಿ ಬರೆದದ್ದು ಆತ್ಮಹತ್ಯೆಗೆ ಎಡೆಗೊಡದ ಬ್ಯಾರಕ್ಕುಗಳನ್ನು ಕಟ್ಟುವ ಮಾತನ್ನು. ಕಟ್ಟಲಿ, ಅದೂ ಬೇಕು. ಆದರೆ ಗೋಡೆ ಸರಿಮಾಡಿದ ಮೇಲೆ, ಇನ್ನ ಚಿಂತಿ ಇಲ್ಲ ಎಂದುಬಿಡುತ್ತಾರೇನೋ ಎಂಬ ಅಂಜಿಕೆ ನನ್ನದು.

ಇನ್ನೊಂದು ಅಂಜಿಕೆ ಹೊಸ ಕಾನೂನಿನದು. ಮೊದಲು ಸಾಯಲು ಹೋಗಿ ಬದುಕಿದವನ ಮೇಲೆ ಹಳೆಯ ದಂಡಸಂಹಿತೆಯ 309ನೇ ಕಲಮಿನಡಿ ಕೇಸು ಬೀಳುತ್ತಿತ್ತು, ಒಳಗಿದ್ದವನಿಗೆ ಜೈಲಿನ ಮೇಲೆ ಜೈಲು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಅಂಥವನು ತೀವ್ರ ಒತ್ತಡದಲ್ಲಿದ್ದ ಎಂದೇ ತಿಳಿಯಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ. ಆದರೆ 226ನೇ ಕಲಮು ಇದೆ: ಸರ್ಕಾರಿ ನೌಕರನನ್ನು ಕರ್ತವ್ಯದ ವಿಷಯದಲ್ಲಿ ಒತ್ತಾಯಿಸಲು ಅಥವಾ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಜೆ. ಜೈಲಿನಲ್ಲಿ ಕೈದಿಯನ್ನು ಕಾಯುವವರು, ಉಣಿಸುವವರು, ಕೋರ್ಟಿಗೆ ಒಯ್ಯುವವರು ಎಲ್ಲರೂ ಸರ್ಕಾರಿ ನೌಕರರೇ. ಅಲ್ಲಿ ಒಬ್ಬ ತನ್ನ ಮೈಗೆ ತಾನು ಗಾಯ ಮಾಡಿಕೊಂಡರೆ ಅದು ಸಂಕಟವೋ ಒತ್ತಾಯವೋ ಎಂದು ಯಾರು ಗೊತ್ತು ಮಾಡುವುದು? ಮನೋವೈದ್ಯರು ಕೂತು ಮಾತಾಡಿಸಿ ಬರೆದುಕೊಡುವ ಮೊದಲು ಬಂದಿಯ ಮೇಲೆ ಈ ಕಲಮು ಹಚ್ಚಬಾರದು, ಅವನನ್ನು ಒಂಟಿ ಸೆಲ್ಲಿಗೂ ಹಾಕಬಾರದು ಎಂದು ನಮ್ಮ ರಾಜ್ಯ ಸರ್ಕಾರ ಜೈಲು ನಿಯಮಗಳಲ್ಲಿ ಬರೆಯಲಿ.